ಸರಪಳಿ ಪ್ರಾರ್ಥನೆಯಲ್ಲಿ ನನ್ನ ಸರದಿ

ನನ್ನ ಕಾಯಿಲೆಯ ಕಥೆಯನ್ನು ಶೀಬಾಳ ಕಂಠದಿಂದಲೇ ಆರಂಭಿಸಬೇಕಾಗಿದೆ. ಅವಳಿಗೂ ನನಗೂ ಬಂದದ್ದು ಒಂದೇ ಕಾಯಿಲೆ. ಇಬ್ಬರ ಕುತ್ತಿಗೆಯಲ್ಲೂ ಥೈರಾಯ್ಡ್ ಗ್ರಂಥಿಯಲ್ಲಿ ಕ್ಯಾನ್ಸರಿನ ಗಂಟು. ಇಬ್ಬರಿಗೂ ಶಸ್ತ್ರಚಿಕಿತ್ಸೆ ಮಾಡಿದವರು ಮುಂಬಯಿ ಪಕ್ಕದ ಠಾಣೆ ನಗರದ ಒಬ್ಬರೇ ಡಾಕ್ಟರು. ಇಬ್ಬರಿಗಾಗಿಯೂ ಪ್ರಾರ್ಥಿಸಿದ್ದು ಡೊಂಬಿವಲಿಯ ಒಂದೇ ಕನ್ನಡ ಕ್ರೈಸ್ತ ಸಭೆ, ಒಂದೇ ಚಾಪೆಯ ಮೇಲೆ ಕುಳಿತು. ಆಮೇಲೆ ಅವಳು ಭಾನುವಾರದ ಆರಾಧನೆಯಲ್ಲಿ ಎಂದಿನಂತೆ ಎದ್ದು ನಿಂತು ಹಾಡಿದಳು. ನಾನು ಬೆಂಚಿನ ತುದಿಯಲ್ಲಿ ಕುಳಿತು ತುಟಿ ಅಲ್ಲಾಡಿಸಿದೆ. ಬರೀ ಗಾಳಿ ಬಂತು.

ಕಾಯಿಲೆಯಿಂದ ಎದ್ದವರು ಬರೆಯುವ ಬರಹಗಳಲ್ಲಿ ಭಯವಿರುತ್ತದೆ, ಕಣ್ಣೀರಿರುತ್ತದೆ, ಕೊನೆಯಲ್ಲಿ ಕೃತಜ್ಞತೆಯಿರುತ್ತದೆ. ಅಸೂಯೆಯನ್ನು ಮಾತ್ರ ಯಾರೂ ಬರೆಯುವುದಿಲ್ಲ. ಆದರೆ ಆಸ್ಪತ್ರೆಯ ಬೆಂಚುಗಳ ಮೇಲೆ ನಾನು ಅದನ್ನು ಎಷ್ಟೋ ಮುಖಗಳಲ್ಲಿ ಕಂಡಿದ್ದೇನೆ. ಪಕ್ಕದವಳ ರಿಪೋರ್ಟು ಚೆನ್ನಾಗಿ ಬಂದಾಗ 'ಒಳ್ಳೆಯದಾಯಿತು ಬಿಡಿ' ಎನ್ನುವ ನಗುವಿನ ಹಿಂದೆ ದವಡೆ ಬಿಗಿಯುತ್ತದಲ್ಲ, ಅದು. ಕ್ರೈಸ್ತಳಾದ ನನಗೆ ಅದು ಪಾಪವೆಂದು ಗೊತ್ತು. ಗೊತ್ತಿದ್ದ ಮಾತ್ರಕ್ಕೆ ಅದು ಹೋಗಲಿಲ್ಲ. ಅದನ್ನು ಒಳಗಿಟ್ಟುಕೊಂಡೇ ದಿನದಿನದ ಆತ್ಮಬಲವನ್ನು ಕಟ್ಟಿಕೊಳ್ಳಲು ಸಾಧ್ಯವೇ ಎಂಬ ಪ್ರಶ್ನೆ ಈಗ ಅದೇ ಬೆಂಚಿನ ಮೇಲೆ ಕುಳಿತಿರುವ ಯಾರನ್ನಾದರೂ ಕಾಡುತ್ತಿದ್ದರೆ, ಈ ಬರಹ ಅವರಿಗಾಗಿ.

ನಾನು ಮೂಲತಃ ಬೀದರ ಕಡೆಯವಳು. ಕಲಬುರಗಿಯಲ್ಲಿ ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್‌ಗಳು ಈಗಲೂ ನಮ್ಮ ಮನೆಯ ಗಾಜಿನ ಕಪಾಟಿನಲ್ಲಿವೆ. ಮದುವೆಯಾಗಿ ಡೊಂಬಿವಲಿಗೆ ಬಂದೆ. ಪತಿ ಸ್ಯಾಮುವೆಲ್ ಇಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ನಾನು ಕಲ್ಯಾಣದ ಒಂದು ಜೂನಿಯರ್ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಮಾತು ನನ್ನ ವೃತ್ತಿ, ಮಾತು ನನ್ನ ಹೆಮ್ಮೆ. ಪ್ರಾರ್ಥನೆಯನ್ನೂ ನಾನು ವಾದ ಮಂಡಿಸುವಂತೆಯೇ ಮಾಡುತ್ತಿದ್ದೆ: ಮೊದಲು ಪೀಠಿಕೆ, ನಂತರ ಕಾರಣಗಳು, ಕೊನೆಗೆ ಬೇಡಿಕೆ. "ನಮ್ಮ ಪ್ರೇಮಾ ಪ್ರಾರ್ಥನಿಗೆ ನಿಂತ್ಳಂದ್ರ ದೇವ್ರೂ ಪಾಯಿಂಟ್ ಬರ್ಕೊಂತ ಕೂಡ್ಬೇಕು" ಎಂದು ನನ್ನ ಅತ್ತೆ ಮಾರ್ಥಮ್ಮ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು.

ನಮ್ಮ ಸಭೆಯ ಹೆಂಗಸರು ಪ್ರತಿ ಶುಕ್ರವಾರ ಸಂಜೆ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತೇವೆ. ಹಾಡು, ಬೈಬಲಿನ ವೇದಪಾಠ, ಕೊನೆಯಲ್ಲಿ ಸರಪಳಿ ಪ್ರಾರ್ಥನೆ. ದುಂಡಗೆ ಕುಳಿತು, ಅಕ್ಕಪಕ್ಕದವರ ಕೈ ಹಿಡಿದು, ಕಣ್ಣು ಮುಚ್ಚಿ, ಒಬ್ಬರಾದ ಮೇಲೆ ಒಬ್ಬರು ಗಟ್ಟಿಯಾಗಿ ಪ್ರಾರ್ಥಿಸಬೇಕು. ಬಾಯಿ ಬಾರದವರಿಗೆ ಹಿಂದಿನಿಂದಲೂ ಒಂದು ಅನುಕೂಲವಿತ್ತು. ತನ್ನ ಸರದಿ ಬಂದಾಗ ಪಕ್ಕದವಳ ಕೈಯನ್ನು ಮೆಲ್ಲಗೆ ಒತ್ತಿದರೆ ಸಾಕು, 'ನನ್ನನ್ನು ದಾಟಿ ಮುಂದೆ ಹೋಗು' ಎಂದು ಅರ್ಥ. ಕಣ್ಣು ಮುಚ್ಚಿರುವುದರಿಂದ ಯಾರು ಒತ್ತಿದರು ಎಂಬುದು ಪಕ್ಕದವಳಿಗಲ್ಲದೆ ಇನ್ನಾರಿಗೂ ತಿಳಿಯುತ್ತಿರಲಿಲ್ಲ.

ಆದರೆ ನನಗೆ ತಿಳಿಯುತ್ತಿತ್ತು. ಆಫೀಸಿಗೆ ಹೋಗುವ ಹೆಂಗಸರು, ಪಾಸ್ಟರ್ ಅಯ್ಯನವರ ಹೆಂಡತಿ, ನಾನು, ಇಷ್ಟೇ ಜನರ ದನಿ ಕೇಳುತ್ತಿತ್ತು. ಕಲಬುರಗಿ, ರಾಯಚೂರು ಕಡೆಯಿಂದ ಬಂದು ಕಟ್ಟಡದ ಕೆಲಸ, ಮನೆಗೆಲಸ ಮಾಡುವ ಹೆಂಗಸರು ವರ್ಷಗಟ್ಟಲೆ ಕೈ ಒತ್ತಿಕೊಂಡೇ ಬಂದಿದ್ದರು. ದೇವರ ಮುಂದೆ ಮಾತನಾಡುವ ಹಕ್ಕು ಓದಿದವರ ಸ್ವತ್ತಲ್ಲ ಎಂದು ನಾನು ವಾದಿಸಿದೆ. ಇನ್ನು ಮೇಲೆ ನಮ್ಮ ಗುಂಪಿನಲ್ಲಿ ಕೈ ಒತ್ತುವುದು ಬೇಡ, ಪ್ರತಿಯೊಬ್ಬಳೂ ತನ್ನದೇ ಬಾಯಿಂದ ಒಂದು ವಾಕ್ಯವನ್ನಾದರೂ ಹೇಳಲೇಬೇಕು ಎಂದು ಒಪ್ಪಿಸಿದೆ. ಎಲ್ಲರಿಗಿಂತ ಹಿರಿಯಳಾದ ರಾಹೇಲಮ್ಮನಿಗೆ ಅದು ಸರಿಬರಲಿಲ್ಲ.

"ನಮ್ಗ ಬಾಯಿ ಬರಲ್ಲರಿ ಟೀಚರಮ್ಮ. ಕೈಲೇ ದುಡೀತೀವಿ, ಕೈಲೇ ಪ್ರಾರ್ಥನಿ ಮಾಡ್ತೀವಿ. ಅದರಾಗ ತಪ್ಪೇನದ?"

"ಬಾಯಿ ಬರುತ್ತದೆ ರಾಹೇಲಮ್ಮ. ನೀರಿನ ಟ್ಯಾಂಕರ್ ಬಂದಾಗ ನಿಮ್ಮ ದನಿ ನಮ್ಮ ಬಿಲ್ಡಿಂಗಿಗೂ ಕೇಳಿಸುತ್ತದೆ."

ಎಲ್ಲರೂ ನಕ್ಕರು, ಅವಳೂ ನಕ್ಕಳು. ಆ ಸಂಜೆ ಅವಳು ಬದುಕಿನಲ್ಲಿ ಮೊದಲ ಸಲ ಗಟ್ಟಿಯಾಗಿ ಪ್ರಾರ್ಥಿಸಿದಳು: "ದೇವ್ರೇ, ನಂಗೇನ್ ಹೇಳ್ಬೇಕ್ ತಿಳಿವಲ್ದು. ಈ ಟೀಚರಮ್ಮ ಬಿಡವಲ್ಲಳು. ಆಮೆನ್."

ಅಂದಿನಿಂದ ಯಾರೂ ಕೈ ಒತ್ತಲಿಲ್ಲ. ಹೊಸದಾಗಿ ಸೇರಿದವರಿಗೆ ಅಂಥದ್ದೊಂದು ಪದ್ಧತಿ ಇತ್ತೆಂಬುದೇ ಗೊತ್ತಿರಲಿಲ್ಲ. ಹಾಗೆ ಹೊಸದಾಗಿ ಸೇರಿದವಳೇ ಶೀಬಾ.

ಅವಳು ಹುಟ್ಟಿ ಬೆಳೆದದ್ದು ಇಲ್ಲೇ. ಠಾಣೆಯ ವರ್ತಕ ನಗರದ ಹತ್ತಿರ ಒಂದು ವಿಮಾ ಆಫೀಸಿನಲ್ಲಿ ಕೆಲಸ. ಕನ್ನಡ ಅರ್ಥವಾಗುತ್ತದೆ, ಉತ್ತರ ಬರುವಾಗ ಅರ್ಧ ಹಿಂದಿ, ಕಾಲು ಮರಾಠಿ. ಅವಳಿಗೆ ನಮ್ಮ ಲಿಪಿ ಓದಲು ಬಾರದು, ಹಾಡುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿಟ್ಟುಕೊಳ್ಳುತ್ತಾಳೆ. ಆದರೆ ಹಾಡಲು ಬಾಯಿ ತೆರೆದಳೆಂದರೆ, ಬಾಡಿಗೆಗೆ ಹಿಡಿದ ಆ ಶಾಲೆಯ ಹಾಲಿನಲ್ಲಿ ಮಕ್ಕಳು ಕೂಡ ಬೆಂಚು ಎಳೆಯುವುದನ್ನು ನಿಲ್ಲಿಸುತ್ತಿದ್ದರು. ಆಗೆಲ್ಲ ನನಗೆ ಅವಳ ಮೇಲೆ ಅಭಿಮಾನವೇ ಇತ್ತು. ತನ್ನ ದನಿ ತನಗೆ ಇರುವಾಗ ಇನ್ನೊಬ್ಬಳ ದನಿಯನ್ನು ಮೆಚ್ಚುವುದಕ್ಕೆ ಯಾವ ಬಲವೂ ಬೇಕಾಗುವುದಿಲ್ಲ.

ಗಂಟು ಮೊದಲು ಕಂಡದ್ದು ನನ್ನ ಅತ್ತೆಗೆ. ಊಟಕ್ಕೆ ಕುಳಿತಾಗ ನಾನು ನೀರು ಕುಡಿಯುವುದನ್ನು ನೋಡಿ, "ಏನದು, ಗಂಟಲಾಗ ಏನೋ ಮ್ಯಾಲ ಕೆಳಗ ಆಗ್ಲತ್ತದ?" ಎಂದರು. ಪಾಠ ಮಾಡಿ ಮಾಡಿ ಊದಿದೆ ಎಂದು ನಾನು ತಳ್ಳಿಹಾಕಿದೆ. ಅವರು ಬಿಡಲಿಲ್ಲ. ಸ್ಕ್ಯಾನ್ ಆಯಿತು, ಸೂಜಿ ಚುಚ್ಚಿ ಪರೀಕ್ಷೆ ಆಯಿತು. ಫಲಿತಾಂಶ ಪಡೆಯಲು ಸ್ಯಾಮುವೆಲ್ ಮತ್ತು ನಾನು ಠಾಣೆಗೆ ಹೋದೆವು. ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಸದ್ದಿಲ್ಲದ ಟಿವಿಯಲ್ಲಿ ಯಾರೋ ಅಡುಗೆ ಮಾಡುತ್ತಿದ್ದರು. ಹೆಸರು ಕೂಗಿದಾಗ ನನ್ನ ಪತಿ ನನಗಿಂತ ಮೊದಲು ಎದ್ದು, ಮತ್ತೆ ಕುಳಿತು, ಮತ್ತೆ ಎದ್ದರು. ಡಾಕ್ಟರು ಹೇಳಿದ್ದೆಲ್ಲ ಕೇಳಿಕೊಂಡು ಹೊರಬಂದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ನಮ್ ಏರಿಯಾದ ವಾಸನಿಯಿಂದ ಆಗಿರಬಹುದೇನು?" ಡಾಕ್ಟರು ಹಾಗೇನೂ ಹೇಳಿರಲಿಲ್ಲ. ಆದರೂ ಆ ದಿನದಿಂದ ಅವರು ಕಾರ್ಖಾನೆಯಿಂದ ಬಂದು ಸ್ನಾನ ಮಾಡದೆ ನನ್ನ ಹತ್ತಿರ ಕೂರುತ್ತಿರಲಿಲ್ಲ.

ಆ ಶುಕ್ರವಾರ ನಾನು ಪ್ರಾರ್ಥನಾಕೂಟದಲ್ಲಿ ವಿಷಯವನ್ನು ಮುಚ್ಚಿಡಲಿಲ್ಲ. ಅಳುವ ಬದಲು ಒಂದು ಕಾರ್ಯಕ್ರಮವನ್ನೇ ರೂಪಿಸಿದೆ. ನನ್ನ ಸ್ವಭಾವವೇ ಹಾಗೆ. ಎಲ್ಲರನ್ನೂ ಸಾಲಾಗಿ ಕನ್ನಡಿಯ ಮುಂದೆ ನಿಲ್ಲಿಸಿ, ಗುಟುಕು ಗುಟುಕಾಗಿ ನೀರು ಕುಡಿಸಿ, ಕುತ್ತಿಗೆ ನೋಡಿಕೊಳ್ಳಲು ಹೇಳಿದೆ. ರಾಹೇಲಮ್ಮ ಮೂರು ಲೋಟ ಕುಡಿದು, "ನಂದೆಲ್ಲಾ ಚರ್ಮಾನೇ ಜೋತು ಬಿದ್ದದ, ಗಂಟೆಲ್ಲಿ ಹುಡುಕ್ತೀರಿ" ಎಂದಳು. ಶೀಬಾಳ ಸರದಿ ಬಂತು. ಅವಳ ನುಣುಪಾದ ಕುತ್ತಿಗೆಯಲ್ಲಿ, ಬಲಕ್ಕೆ, ಬಟಾಣಿಯಷ್ಟು ಏನೋ ಏರಿ ಇಳಿಯಿತು. ಅದನ್ನು ಕಂಡವಳು ನಾನು. ಡಾಕ್ಟರ ಬಳಿ ಅವಳನ್ನು ಕರೆದುಕೊಂಡು ಹೋದವಳೂ ನಾನೇ. ಅವಳ ಗಂಟು ಬಹಳ ಚಿಕ್ಕದಿರುವಾಗಲೇ ಸಿಕ್ಕಿದ್ದು ನನ್ನಿಂದ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಮುಂದೆ ನನ್ನ ಅಸೂಯೆ ನಿಂತದ್ದು ಈ ಕಲ್ಲಿನ ಮೇಲೆಯೇ.

ಅದೇ ಕಾಯುವ ಕೋಣೆಯಲ್ಲಿ ಅವಳು ನನ್ನ ತೋಳಿಗೆ ಅಂಟಿ ಕುಳಿತಿದ್ದಳು. "ಅಕ್ಕಾ, ಖೂಪ್ ಭೀತಿ ವಾಟತೆ. ನಾನು ಆಪರೇಷನ್ ಮಾಡಲ್ಲ. ಆವಾಜ್ ಹೋದ್ರೆ ನಾನು ಕ್ಯಾ ಕರೂಂ?"

"ದೇವರು ಕೊಟ್ಟ ದನಿಯನ್ನು ದೇವರೇ ಕಾಯುತ್ತಾನೆ" ಎಂದೆ ನಾನು. ಎಷ್ಟು ಸ್ಪಷ್ಟ, ಎಷ್ಟು ಸುಶ್ರಾವ್ಯ ದನಿಯಲ್ಲಿ ಹೇಳಿದ್ದೆ!

ಮೊದಲು ನನ್ನ ಶಸ್ತ್ರಚಿಕಿತ್ಸೆ ಆಯಿತು. ಎಚ್ಚರವಾದಾಗ ನರ್ಸ್ ಹೆಸರು ಕೇಳಿದಳು. 'ಪ್ರೇಮಲತಾ' ಎಂದೆ. ಅವಳು ಬಗ್ಗಿ ಮತ್ತೆ ಕೇಳಿದಳು. ಮತ್ತೆ ಹೇಳಿದೆ. ಒಡೆದ ಪಂಪಿನಿಂದ ಹೊರಟಂಥ ಗಾಳಿ, ಅದರಲ್ಲಿ ತುಟಿ ಮಾಡಿದ ಒಂದೆರಡು ಅಕ್ಷರ. ಅರಿವಳಿಕೆಯ ಕೊಳವೆಯಿಂದ ಹೀಗಾಗಿದೆ, ಸರಿಹೋಗುತ್ತದೆ ಎಂದರು. ಸರಿಹೋಗಲಿಲ್ಲ. ಕೆಲವು ದಿನಗಳ ನಂತರ ಡಾಕ್ಟರು ಮೂಗಿನಲ್ಲಿ ಸಣ್ಣ ಕ್ಯಾಮೆರಾ ಇಳಿಸಿ ನೋಡಿ, ಮರಾಠಿಯಲ್ಲಿ ನಿಧಾನವಾಗಿ ವಿವರಿಸಿದರು. ಗಂಟು ಧ್ವನಿಯ ನರಕ್ಕೆ ಅಂಟಿಕೊಂಡಿತ್ತು. ನರವನ್ನು ಕತ್ತರಿಸದೆ ಬಿಡಿಸಿದ್ದಾರೆ. ಆದರೆ ಅದು ಮಲಗಿಬಿಟ್ಟಿದೆ. ಏಳಬಹುದು. ಏಳದೆಯೂ ಇರಬಹುದು. ಏಳುವುದಾದರೆ ತಿಂಗಳುಗಳು ಬೇಕು.

ಸ್ವಲ್ಪ ದಿನದಲ್ಲೇ ಶೀಬಾಳ ಸರದಿ. ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡೇ ನಾನು ಅವಳನ್ನು ನೋಡಲು ಹೋದೆ. ವಾರ್ಡಿನ ಬಾಗಿಲಲ್ಲಿ ನಾನು ಕಾಣುತ್ತಲೇ ಹಾಸಿಗೆಯಿಂದ ಕೂಗಿದಳು: "ಅಕ್ಕಾ! ಆವಾಜ್ ಹೈ! ನೋಡಿ, ಆವಾಜ್ ಹೈ!"

ನಾನು ಎರಡೂ ಕೈ ಮೇಲೆತ್ತಿ ಸ್ತೋತ್ರ ಎಂಬಂತೆ ಸನ್ನೆ ಮಾಡಿದೆ. ಅವಳ ಗಂಡ ನನಗೆ ಕುರ್ಚಿ ಕೊಟ್ಟ. ನಾನು ಕೂರಲಿಲ್ಲ. ಹಿಂದಿರುಗುವಾಗ ರೈಲಿನಲ್ಲಿ ಕಿಟಕಿಗೆ ತಲೆಯಾನಿಸಿ ಒಂದೇ ವಾದವನ್ನು ಮತ್ತೆ ಮತ್ತೆ ಮಂಡಿಸಿದೆ. ಪ್ರಾರ್ಥನೆ ಇಬ್ಬರಿಗೂ ಒಂದೇ. ವಿಶ್ವಾಸ ನನ್ನದೇ ಹಳೆಯದು. ದನಿಯ ಅಗತ್ಯವೂ ನನ್ನದೇ ಹೆಚ್ಚು. ಅವಳು ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು. ಅವಳ ಗಂಟನ್ನು ಕಂಡು ಅವಳನ್ನು ಉಳಿಸಿದವಳು ನಾನು. ಹಾಗಿದ್ದ ಮೇಲೆ? ಆ ಗುಂಗಿನಲ್ಲಿದ್ದಾಗಲೇ ಡೊಂಬಿವಲಿ ಬಂತು. ಮುಂದೆ ನಿಂತವರನ್ನು 'ಇಳಿಯುತ್ತೀರಾ?' ಎಂದು ಕೇಳಿ ದಾರಿ ಮಾಡಿಕೊಳ್ಳಬೇಕು; ನನ್ನ ಉಸಿರುಮಾತು ಆ ನೂಕುನುಗ್ಗಲಿನಲ್ಲಿ ಯಾರಿಗೆ ಕೇಳಬೇಕು? ಬಾಗಿಲು ತಲುಪುವಷ್ಟರಲ್ಲಿ ಗಾಡಿ ಹೊರಟಿತ್ತು. ಮುಂದಿನ ನಿಲ್ದಾಣ ಠಾಕುರ್ಲಿಯಲ್ಲಿ ಇಳಿದು ಪ್ಲಾಟ್‌ಫಾರಂ ಮೇಲೆ ನಿಂತು, ಮೇಲಿನ ಧ್ವನಿವರ್ಧಕದಲ್ಲಿ ಮುಂದಿನ ಗಾಡಿಯನ್ನು ಸಾರುತ್ತಿದ್ದ ಯಾವಳೋ ಹೆಂಗಸಿನ ರೆಕಾರ್ಡಾದ ದನಿಯ ಮೇಲೂ ನನಗೆ ಹೊಟ್ಟೆ ಉರಿಯಿತು.

ಆಮೇಲಿನ ತಿಂಗಳುಗಳಲ್ಲಿ ನಾನು ಅಸೂಯೆಪಡದ ಗಂಟಲೇ ಇರಲಿಲ್ಲ. ಕೆಳಗೆ ಗಾಡಿಯಲ್ಲಿ ಮೆಂತ್ಯೆ ಸೊಪ್ಪು ಕೂಗುವವನು, ಫೋನಿನಲ್ಲಿ ಬೀದರಿನ ತಂಗಿಯೊಡನೆ ಇಡೀ ಬಿಲ್ಡಿಂಗಿಗೆ ಕೇಳುವಂತೆ ಮಾತನಾಡುವ ಅತ್ತೆ, ನನ್ನ ಬದಲಿಗೆ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಹೊಸ ಹುಡುಗಿ. ಆದರೆ ಇವೆಲ್ಲ ಹಗಲಿನ ಸಣ್ಣ ಉರಿಗಳು. ದೊಡ್ಡದು ಭಾನುವಾರ ಬರುತ್ತಿತ್ತು.

ಶೀಬಾ ಸಾಕ್ಷಿ ಹೇಳಿದ ಭಾನುವಾರವಂತೂ ಮರೆಯಲಾರೆ. ನಮ್ಮಲ್ಲಿ ದೇವರಿಂದ ಉಪಕಾರ ಹೊಂದಿದವರು ಸಭೆಯ ಮುಂದೆ ನಿಂತು ಅದನ್ನು ಹೇಳುವುದಕ್ಕೆ ಸಾಕ್ಷಿ ಎನ್ನುತ್ತಾರೆ. ಅವಳು ತನ್ನ ಮುರುಕು ಕನ್ನಡದಲ್ಲಿ ಎಲ್ಲವನ್ನೂ ಹೇಳಿ, "ಪ್ರೇಮಾ ಅಕ್ಕ ನಂಗೆ ನೀರು ಕುಡಿಸಿದ್ರು, ಅದಕ್ಕೆ ನಾನು ಇವತ್ತು ಹಾಡ್ತೀನಿ" ಎಂದು ನನ್ನತ್ತ ತಿರುಗಿ ಹಾಡಿದಳು. ಸಭೆ ಕಣ್ಣೊರೆಸಿಕೊಂಡಿತು. ಎಲ್ಲರೂ ಒಮ್ಮೆ ಅವಳನ್ನು ನೋಡಿ, ಇನ್ನೊಮ್ಮೆ ನನ್ನನ್ನು ನೋಡಿದರು. ಎರಡನೆಯ ನೋಟ ಬೇರೆ ಬಗೆಯದು.

ಆ ನೋಟಕ್ಕೆ ಮಾತು ಕೊಟ್ಟವರೂ ಬಂದರು. ಸಭೆಯ ಹಿರಿಯರೊಬ್ಬರು ನಮ್ಮ ಮನೆಗೆ ಬಂದು, ಚಹಾ ಕುಡಿದು, ಬಟ್ಟಲನ್ನು ಕೆಳಗಿಡುತ್ತಾ ಹೇಳಿದರು: "ಮನಸ್ಸಿನ್ಯಾಗ ಅರಿಕಿ ಮಾಡದ ಪಾಪ ಏನರೆ ಉಳಿದಿದ್ರ ನೋಡ್ಕೋರಿ ತಂಗಿ. ಒಬ್ಬಾಕಿಗಿ ಸಿಕ್ಕದ್ದು ಇನ್ನೊಬ್ಬಾಕಿಗಿ ಯಾಕ ಸಿಗಲಿಲ್ಲ, ವಿಚಾರ ಮಾಡ್ಬೇಕಲ್ಲ?"

ನನ್ನ ಬಳಿ ಆ ಪ್ರಶ್ನೆಗೆ ಹತ್ತು ಖಂಡನೆಗಳಿದ್ದವು. ಒಂದೂ ಹೊರಬರಲಿಲ್ಲ. ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ತಲೆ ಎತ್ತದೆ ಹೇಳಿದರು: "ನಿಮ್ಗ ಶುಗರ್ ಬಂದು ಹತ್ತು ವರ್ಷ ಆಯ್ತಲ್ಲಣ್ಣಾ? ಅದ್ಯಾವ ಪಾಪ ಅಂತ ಗೊತ್ತಾಯ್ತೇನ್ರಿ? ಗೊತ್ತಾದ್ರ ನಮ್ಗೂ ಹೇಳ್ರಿ, ಸಕ್ರಿ ಇಲ್ದ ಚಹಾ ಮಾಡಿ ಮಾಡಿ ನಂಗೂ ಸಾಕಾಗ್ಯದ."

ಅವರು ಹೋದ ಮೇಲೆ ನಾನು ಅತ್ತೆಯ ಪಕ್ಕ ಕುಳಿತು ಅವರೆಕಾಯಿ ಸುಲಿದೆ. ಜೀವನದಲ್ಲಿ ಮೊದಲ ಸಲ ನನ್ನ ಪರವಾಗಿ ಇನ್ನೊಬ್ಬರು ವಾದಿಸಿದ್ದರು. ಅದು ದೊಡ್ಡ ಸಮಾಧಾನ. ಆದರೆ ಹಿರಿಯರ ಪ್ರಶ್ನೆ ಕ್ರೂರವಾಗಿದ್ದರೂ ಅದು ನನ್ನದೇ ಪ್ರಶ್ನೆ ಎಂಬುದು ನನಗೆ ಗೊತ್ತಿತ್ತು.

ಇಬ್ಬರಿಗೂ ವಿಕಿರಣಶೀಲ ಅಯೋಡಿನ್ ಚಿಕಿತ್ಸೆ ಬೇಕಾಗಬಹುದೆಂದು ಮೊದಲು ಹೇಳಿದ್ದರು. ಕೊನೆಗೆ ಬೇಕಾದದ್ದು ನನಗೆ ಮಾತ್ರ. ಶೀಬಾಳದ್ದು ಚಿಕ್ಕದಾಗಿತ್ತಲ್ಲ. ನವಿ ಮುಂಬಯಿಯ ಒಂದು ಆಸ್ಪತ್ರೆಯಲ್ಲಿ ಔಷಧ ಕುಡಿಸಿ, ವಿಕಿರಣ ಇಳಿಯುವವರೆಗೆ ಒಂದು ಕೋಣೆಯಲ್ಲಿ ಒಬ್ಬಳನ್ನೇ ಇರಿಸಿದರು. ಊಟವನ್ನು ಬಾಗಿಲ ಬಳಿ ಇಟ್ಟು ಹೋಗುವರು. ಸ್ಯಾಮುವೆಲ್ ಕೆಳಗೆ ರಸ್ತೆಯಲ್ಲಿ ನಿಂತು ಕಿಟಕಿಯತ್ತ ಕೈ ಬೀಸುವರು; ಅವರು ಫೋನ್ ಮಾಡಿದರೂ ನಾನು ಮಾತನಾಡುವಂತಿರಲಿಲ್ಲವಾದ್ದರಿಂದ, ಫೋನಿನಲ್ಲಿ ಅವರೇ ಏನೇನೋ ಹೇಳುತ್ತಾ ನಿಲ್ಲುವರು. ಅಷ್ಟು ಮಾತು ಅವರಲ್ಲಿ ಇತ್ತೆಂದು ನನಗೆ ಗೊತ್ತೇ ಇರಲಿಲ್ಲ. ನಾನು ಮಾತನಾಡುತ್ತಿದ್ದಾಗ ಅದಕ್ಕೆ ಜಾಗವಿರಲಿಲ್ಲವೋ ಏನೋ.

ಆ ಕೋಣೆಯಲ್ಲಿ ಪ್ರಾರ್ಥಿಸಲು ಕುಳಿತೆ. ಪೀಠಿಕೆ ಬಂತು, ಕಾರಣಗಳು ಬಂದವು, ಬೇಡಿಕೆ ಬಂತು. ಎಲ್ಲ ಮುಗಿದ ಮೇಲೂ ಎದೆಯಲ್ಲಿ ಹೇಳದೆ ಉಳಿದದ್ದೊಂದು ಇತ್ತು. ಅದನ್ನು ದೇವರ ಮುಂದೆ ಇಡಲು ನಾಚಿಕೆ. ಇಟ್ಟರೆ ವಾದದಲ್ಲಿ ನನ್ನ ಪಕ್ಷ ಕೆಡುತ್ತದೆ. ಆದ್ದರಿಂದ ಸುಮ್ಮನೆ ಕುಳಿತೆ.

ಮನೆಗೆ ಬಂದ ಮೇಲೆ ಈ ಸುಮ್ಮನಿರುವಿಕೆಗೆ ಒಂದು ಹೊತ್ತು ಸಿಕ್ಕಿತು. ಥೈರಾಯ್ಡ್ ಮಾತ್ರೆಯನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನುಂಗಬೇಕು. ಆಮೇಲೆ ಸ್ವಲ್ಪ ಹೊತ್ತು ಚಹಾ ಕೂಡ ಕುಡಿಯುವಂತಿಲ್ಲ. ಜೀವನಪೂರ್ತಿ, ಪ್ರತಿದಿನ. ಚಹಾಕ್ಕಾಗಿ ಕಾಯುವ ಆ ಹೊತ್ತನ್ನು ನಾನು ದೇವರಿಗೆಂದು ಎತ್ತಿಟ್ಟೆ. ಮನೆಯ ಮುಂದಿನ ಗ್ಯಾಲರಿಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಕೆಳಗೆ ಸ್ಟೇಷನ್ನಿಗೆ ಓಡುವ ಜನ, ಎಂಐಡಿಸಿಯ ಕಡೆಯಿಂದ ಬರುವ ಘಾಟು, ನೀರಿನ ಪಂಪಿನ ಸದ್ದು. ಏನನ್ನೂ ಕೇಳುತ್ತಿರಲಿಲ್ಲ, ಏನನ್ನೂ ಸಾಧಿಸುತ್ತಿರಲಿಲ್ಲ. ಆತ್ಮಬಲವೆಂದರೆ ಭಾವೋದ್ವೇಗ ಎಂದುಕೊಂಡಿದ್ದವಳಿಗೆ ಅದು ಮಾತ್ರೆಯಂತೆ ದಿನಾಲೂ ನುಂಗಬೇಕಾದದ್ದು, ನುಂಗಿದಾಗ ಏನೂ ಅನ್ನಿಸದೇ ಇರುವಂಥದ್ದು ಎಂದು ಅಲ್ಲಿ ಮೆಲ್ಲಗೆ ತಿಳಿಯಿತು. ಇಷ್ಟಾದರೂ, ಶೀಬಾಳಿಗಾಗಿ ಪ್ರಾರ್ಥಿಸಬೇಕೆಂದು ಅವಳ ಹೆಸರನ್ನು ಮನಸ್ಸಿಗೆ ತಂದುಕೊಂಡಾಗಲೆಲ್ಲ ಒಳಗಿನ ಬಾಗಿಲು ದಡ್ಡೆಂದು ಮುಚ್ಚಿಕೊಳ್ಳುತ್ತಿತ್ತು.

ಇಷ್ಟೂ ದಿನ ನಾನು ಶುಕ್ರವಾರದ ಕೂಟವನ್ನು ತಪ್ಪಿಸಿದ್ದೆ. ಮೊದಲು ಗಾಯದ ನೆಪ, ಆಮೇಲೆ ವಿಕಿರಣದ ನೆಪ; ಜನರ ಹತ್ತಿರ ಕೂರಬಹುದೆಂದು ಡಾಕ್ಟರು ಹೇಳಿದ ಮೇಲೆ ಅದೂ ಉಳಿಯಲಿಲ್ಲ. ಆ ವಾರ ಕೂಟ ರಾಹೇಲಮ್ಮನ ಮನೆಯಲ್ಲಿ. ಒಂದೇ ಕೋಣೆ, ಮೇಲೆ ತಗಡು, ತಗಡಿನ ಕೆಳಗೆ ಲಟಲಟ ಎನ್ನುವ ಹಳೆಯ ಫ್ಯಾನು. ಏಪ್ರಿಲ್ ತಿಂಗಳು, ಆ ಫ್ಯಾನಿನ ಕೆಳಗೆ ಜಾಗಕ್ಕಾಗಿ ಎಲ್ಲರೂ ನಗುತ್ತಾ ಜಗಳವಾಡುತ್ತಿದ್ದರು.

"ಬರ್ರಿ ಟೀಚರಮ್ಮ, ಫ್ಯಾನಿನ ಬುಡಕ್ಕ ಕೂಡ್ರಿ. ಪೇಶೆಂಟ್‌ಗೆ ರಿಸರ್ವೇಶನ್ ಅದ!" ಎಂದಳು ರಾಹೇಲಮ್ಮ.

ಕುಳಿತೆ. ಪಕ್ಕದ ಜಾಗ ಖಾಲಿಯಿತ್ತು. ತಡವಾಗಿ ಬಂದ ಶೀಬಾ, ಆಫೀಸಿನ ಚೀಲವನ್ನು ಗೋಡೆಗೆ ಒರಗಿಸಿ, ಸರಿಯಾಗಿ ಅಲ್ಲೇ ಬಂದು ಕುಳಿತಳು.

ಹಾಡು ಮುಗಿಯಿತು, ವೇದಪಾಠ ಮುಗಿಯಿತು. ಕೈ ಹಿಡಿದುಕೊಂಡೆವು. ಅವಳ ಅಂಗೈ ಬೆಚ್ಚಗಿತ್ತು. ಸರಪಳಿ ಆ ತುದಿಯಿಂದ ಹೊರಟಿತು. ಒಬ್ಬೊಬ್ಬರೂ ಹೇಳುತ್ತಾ, ಆಮೆನ್ ಎನ್ನುತ್ತಾ, ನನ್ನ ಹತ್ತಿರ ಹತ್ತಿರ ಬಂತು. ನಾನೇ ಬಾಯಿ ಕೊಟ್ಟ ಹೆಂಗಸರು ಅವರೆಲ್ಲ. ಒಬ್ಬಳು ಮಗನ ಪರೀಕ್ಷೆಗೆ, ಒಬ್ಬಳು ಗಂಡನ ಕುಡಿತಕ್ಕೆ, ಒಬ್ಬಳು ನನ್ನ ಗಂಟಲಿಗೆ. ಎಷ್ಟು ನಿರಾಯಾಸವಾಗಿ ಮಾತನಾಡುತ್ತಿದ್ದರು! ಅವರ ಮೇಲೂ ನನಗೆ ಹೊಟ್ಟೆಕಿಚ್ಚಾಯಿತೆಂದರೆ ನೀವು ನಂಬಬೇಕು.

ಸರದಿ ನನಗೆ ಬಂತು. ನಾನು ಮಾಡಬಹುದಾದದ್ದು ಒಂದೇ ಇತ್ತು. ಶೀಬಾಳ ಕೈ ಒತ್ತಿದೆ.

ಅವಳು ಪ್ರಾರ್ಥನೆ ಶುರುಮಾಡಲಿಲ್ಲ. ನನ್ನ ಕೈಯನ್ನು ತಿರುಗಿ ಒತ್ತಿದಳು.

ಮತ್ತೆ ಒತ್ತಿದೆ, ಸ್ವಲ್ಪ ಬಿರುಸಾಗಿ. ಅವಳು ಇನ್ನೂ ಬಿರುಸಾಗಿ ಒತ್ತಿ, ಇನ್ನೊಂದು ಕೈಯನ್ನೂ ತಂದು ನನ್ನ ಕೈಯ ಮೇಲಿಟ್ಟಳು. ಮೂಗೆಳೆಯುವ ಸದ್ದು ಕೇಳಿತು, ಅವಳು ಅಳುತ್ತಿದ್ದಳು. ಆಗ ನನಗೆ ಹೊಳೆಯಿತು. ಇವಳಿಗೆ ಕೈ ಒತ್ತುವುದರ ಅರ್ಥ ಗೊತ್ತಿಲ್ಲ. ಇವಳು ಬರುವ ಮೊದಲೇ ಅದನ್ನು ನಾನು ಅಳಿಸಿಹಾಕಿದ್ದೇನೆ. ನಾನು ತಳ್ಳಿ ದಾಟಿಸಲೆಂದು ಒತ್ತಿದ್ದನ್ನು ಇವಳು ಪ್ರೀತಿಯೆಂದು ತಿಳಿದು ಉತ್ತರ ಕೊಡುತ್ತಿದ್ದಾಳೆ.

ಫ್ಯಾನು ಲಟಲಟಿಸುತ್ತಿತ್ತು. ಸರಪಳಿ ನನ್ನಲ್ಲಿ ನಿಂತೇ ಇತ್ತು. ನಾನು ಕಣ್ಣು ತೆರೆದೆ. ವಿಷಯ ಊಹಿಸಿದ ರಾಹೇಲಮ್ಮ ಎದುರಿನಿಂದ, ಕಣ್ಣು ಮುಚ್ಚಿಕೊಂಡೇ, ಹೇಳಿದಳು: "ಕೈ ಒತ್ತೂದು ಬಂದ್ ಮಾಡ್ದಾಕಿ ನೀನೇ ಹೌದಿಲ್ಲ ಟೀಚರಮ್ಮ? ಮಾತಾಡು. ನಮ್ಗ ಕೇಳ್ಸದಿದ್ರ ಅಷ್ಟ ಹೋಯ್ತು. ದೇವ್ರ ಕಿವಿ ಚಲೋ ಅವ."

ಅವಳು ನನ್ನನ್ನು ಬಹುವಚನದಿಂದ ಏಕವಚನಕ್ಕೆ ಇಳಿಸಿದ್ದು ಅದೇ ಮೊದಲು. ಇಳಿಸಿದಳೋ, ತನ್ನ ಮಕ್ಕಳ ಸಾಲಿಗೆ ಸೇರಿಸಿಕೊಂಡಳೋ.

ವಾದ ಮಂಡಿಸುವಷ್ಟು ಉಸಿರು ನನ್ನಲ್ಲಿರಲಿಲ್ಲ. ಒಂದು ವಾಕ್ಯಕ್ಕಾಗುವಷ್ಟಿತ್ತು. ಒಂದೇ ವಾಕ್ಯವನ್ನು ಹೇಳಬೇಕಾದಾಗ, ಇಷ್ಟು ತಿಂಗಳು ಹೇಳದೆ ಉಳಿದದ್ದೇ ಬಂತು.

"ಕರ್ತನೇ, ಇವಳ ದನಿ ಇವಳಿಗೇ ಯಾಕೆ, ನನಗೆ ಯಾಕಿಲ್ಲ, ನನಗೆ ಹೊಟ್ಟೆಕಿಚ್ಚಾಗಿದೆ. ಆಮೆನ್."

ಆ ಉಸಿರು ಫ್ಯಾನಿನ ಸದ್ದನ್ನು ದಾಟಿ ರಾಹೇಲಮ್ಮನವರೆಗೆ ಹೋಗಿರಲಾರದು. ಆದರೆ ಶೀಬಾಳ ಕಿವಿ ನನ್ನ ತುಟಿಯಿಂದ ಗೇಣಿನಷ್ಟು ದೂರದಲ್ಲಿತ್ತು. ಅವಳಿಗೆ ನಮ್ಮ ಲಿಪಿ ಬಾರದು; ಕನ್ನಡ ಅರ್ಥವಾಗುತ್ತದೆ.

ನನ್ನ ಕೈಯ ಮೇಲಿದ್ದ ಅವಳ ಕೈಗಳು ನಿಂತುಹೋದವು. ಈಗ ಬಿಡುತ್ತಾಳೆ ಎಂದುಕೊಂಡೆ. ಬಿಟ್ಟರೆ ನ್ಯಾಯವೇ. ಅವಳು ಬಿಡಲಿಲ್ಲ; ಒತ್ತಲೂ ಇಲ್ಲ. ಆಮೇಲೆ, ಎಲ್ಲರಿಗೂ ಕೇಳುವ ಆ ಸ್ವಚ್ಛ ದನಿಯಲ್ಲಿ, ಅವಳ ಪ್ರಾರ್ಥನೆ ಶುರುವಾಯಿತು:

"ಪ್ರಭೂ, ಅಕ್ಕನಿಗೆ ಆವಾಜ್ ಕೊಡು. ನಂದು ತಗೋಬೇಡ. ನಂಗೂ ಬೇಕು. ನಿನ್ನ ಹತ್ರ ಬಹುತ್ ಇದೆ ನಾ? ಅಕ್ಕನಿಗೆ ದುಸ್ರಾ ಕೊಡು. ಆಮೆನ್."

ನನ್ನ ಮಾತು ಕೇಳದ ಉಳಿದವರಿಗೆ ಏನೂ ತಿಳಿಯಲಿಲ್ಲ. ನನಗೆ ತಿಳಿಯಿತು. ಹೊಟ್ಟೆಯ ಆಳದಿಂದ ನಗು ಎದ್ದು ಬಂತು. ದನಿಯಿಲ್ಲದ ನಗು, ಭುಜ ಮಾತ್ರ ಕುಣಿಯಿತು. ಅವಳೂ ನಗುತ್ತಿದ್ದಳು, ಅಳುತ್ತಲೂ ಇದ್ದಳು. ಅವಳು ಮಾಡಿದ್ದಕ್ಕಿಂತ ಪ್ರಾಮಾಣಿಕವಾದ ಪ್ರಾರ್ಥನೆಯನ್ನು ನಾನು ಕೇಳಿಲ್ಲ. ದೊಡ್ಡ ಮನಸ್ಸಿನಿಂದ 'ನನ್ನದನ್ನು ಇವಳಿಗೆ ಕೊಡು' ಎಂದಿದ್ದರೆ ನಾನು ಇನ್ನೂ ದ್ವೇಷಿಸುತ್ತಿದ್ದೆನೋ ಏನೋ.

ಚಹಾ ಕುಡಿಯುವಾಗ ಅವಳು ಕೇಳಿದಳು, "ಅಕ್ಕಾ, ಕೈ ಒತ್ತೋದು ಮತ್ಲಬ್ ಕ್ಯಾ?" ರಾಹೇಲಮ್ಮ ವಿವರಿಸಿದಳು. ಶೀಬಾ ನನ್ನತ್ತ ತಿರುಗಿ, "ಮ್ಹಂಜೆ, 'ನೀನು ಬೋಲ್, ನಂಗೆ ಬಿಡು' ಅಂತಾ? ನಾನು ಸೋಚಾ, ಅಕ್ಕ ಪ್ರೀತಿ ಮಾಡ್ತಾ ಇದಾರೆ ಅಂತ!" ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವಳು ನಗುವಿನ ನಡುವೆ ನನ್ನ ಕಣ್ಣನ್ನೇ ನೋಡುತ್ತಿದ್ದಳು. ನಾನು ಅವಳ ಕೈ ಒತ್ತಿದೆ. ಈ ಸಲ ಯಾವ ಅರ್ಥದಲ್ಲಿ ಎಂದು ಅವಳು ಕೇಳಲಿಲ್ಲ.

ಅಸೂಯೆ ಅಂದು ಸತ್ತುಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಮುಂದಿನ ಭಾನುವಾರ ಅವಳು ಹಾಡಲು ಎದ್ದಾಗ ಅದೂ ಎದ್ದು ನಿಂತಿತು. ಈಗಲೂ ನಿಲ್ಲುತ್ತದೆ. ವ್ಯತ್ಯಾಸವಿಷ್ಟೇ: ಅದನ್ನು ದೇವರಿಂದ ಬಚ್ಚಿಡುವ ಶ್ರಮ ಈಗ ನನಗಿಲ್ಲ, ಅವಳಿಂದ ಬಚ್ಚಿಡುವ ಶ್ರಮವೂ ಇಲ್ಲ. ಹಾಡು ಮುಗಿಸಿ ಬಂದು ಪಕ್ಕದಲ್ಲಿ ಕೂರುವಾಗ, "ಅಕ್ಕಾ, ಆಜ್ ಕಿತ್ನಾ ಜಲಾ?" ಎಂದು ಕಿವಿಯಲ್ಲಿ ಕೇಳುತ್ತಾಳೆ, ಇವತ್ತು ಎಷ್ಟು ಉರಿಯಿತು ಎಂದು. ನಾನು ಬೆರಳುಗಳ ನಡುವೆ ಸ್ವಲ್ಪ ಜಾಗ ಬಿಟ್ಟು ತೋರಿಸುತ್ತೇನೆ. ಕೆಲವು ಭಾನುವಾರ ಎರಡೂ ಕೈ ಅಗಲಿಸಬೇಕಾಗುತ್ತದೆ. ಹಾಗೆ ತೋರಿಸಿದ ಮೇಲೆ, ಬೆಳಗಿನ ಮಾತ್ರೆ ಮತ್ತು ಚಹಾದ ನಡುವೆ ಅವಳ ಹೆಸರನ್ನು ತಂದುಕೊಂಡರೆ ಬಾಗಿಲು ಮುಚ್ಚಿಕೊಳ್ಳುವುದಿಲ್ಲ.

ಕೈ ಒತ್ತುವ ವಿಷಯ ಅಲ್ಲಿಗೇ ಮುಗಿಯಲಿಲ್ಲ. ದನಿ ಹೋದವರಿಗೆ, ದುಃಖದಲ್ಲಿರುವವರಿಗೆ, ಅಂದು ಮನಸ್ಸಿಲ್ಲದವರಿಗೆ ಆ ಅನುಕೂಲ ಮತ್ತೆ ಇರಲಿ ಎಂದು ಮುಂದಿನ ಶುಕ್ರವಾರ ರಾಹೇಲಮ್ಮ ಸೂಚಿಸಿದಳು. ನಾನು ವಿರೋಧಿಸಿದೆ. ಆ ಸುಧಾರಣೆ ಸರಿಯೆಂದು ನಾನು ಇಂದಿಗೂ ನಂಬುತ್ತೇನೆ; ಅದು ಇರದಿದ್ದರೆ ಆ ಸಂಜೆ ನಾನು ಕೈ ಒತ್ತಿ ಮನೆಗೆ ಹೋಗುತ್ತಿದ್ದೆ, ಹೇಳಬೇಕಾದದ್ದು ಒಳಗೇ ಕೊಳೆಯುತ್ತಿತ್ತು. ಇದನ್ನೆಲ್ಲ ಉಸಿರುಮಾತಿನಲ್ಲಿ ವಾದಿಸಿದೆ, ಶೀಬಾ ಗಟ್ಟಿಯಾಗಿ ಅನುವಾದಿಸಿದಳು. ಅವಳ ಅನುವಾದದಲ್ಲಿ ನನ್ನ ವಾದದ ಅರ್ಧ ಭಾಗ ಹಿಂದಿಯಾಗಿ, ಉಳಿದರ್ಧ ಮಾಯವಾಯಿತು. ಕೈ ಎತ್ತಿಸಿದಾಗ ನಾನು ಸೋತೆ. ನನ್ನ ವಿರುದ್ಧ ಕೈ ಎತ್ತಿದವರಲ್ಲಿ ಶೀಬಾಳೂ ಇದ್ದಳು.

ಈಗ ನಮ್ಮ ಕೂಟದಲ್ಲಿ ಬೇಕಾದವರು ಕೈ ಒತ್ತಬಹುದು. ಕೆಲವರು ಒತ್ತುತ್ತಾರೆ. ನಾನು ಇದುವರೆಗೆ ಒತ್ತಿಲ್ಲ. ನನ್ನ ನರ ಅರ್ಧ ಎದ್ದಿದೆ, ಅರ್ಧ ಮಲಗಿದೆ ಎನ್ನುತ್ತಾರೆ ಡಾಕ್ಟರು; ಗೊಗ್ಗರು ಪಿಸುದನಿಯೊಂದು ಬಂದಿದೆ. ಕಾಲೇಜಿನಲ್ಲಿ ಕೊರಳಿಗೆ ಮೈಕು ಸಿಕ್ಕಿಸಿಕೊಂಡು ಪಾಠ ಮಾಡುತ್ತೇನೆ. ಪ್ರಾರ್ಥನಾಕೂಟಕ್ಕೆ ಮೈಕು ಒಯ್ಯುವುದಿಲ್ಲ. ಸರಪಳಿ ನನ್ನ ಹತ್ತಿರ ಬಂದಾಗ, ಯಾರದೇ ಮನೆಯಿರಲಿ, ರಾಹೇಲಮ್ಮ ಪಕ್ಕದವರ ಕೈ ಬಿಟ್ಟು, ಮೊಣಕಾಲಿಗೆ ಕೈಕೊಟ್ಟು ಎದ್ದು, ಫ್ಯಾನು ಆರಿಸುತ್ತಾಳೆ. ರೆಕ್ಕೆಗಳ ಸದ್ದು ನಿಧಾನವಾಗಿ ನಿಲ್ಲುತ್ತದೆ. ಡೊಂಬಿವಲಿಯ ಸೆಕೆಯಲ್ಲಿ ಅಷ್ಟು ಜನ ಹೆಂಗಸರು ಬೆವರುತ್ತಾ, ಕತ್ತು ಮುಂದೆ ಚಾಚಿ, ನನ್ನ ವಾಕ್ಯಕ್ಕಾಗಿ ಕಾಯುತ್ತಾರೆ.

ಅವರನ್ನು ಹೆಚ್ಚು ಹೊತ್ತು ಬೆವರಿಸಲಾಗದು. ನಿಜವಾದದ್ದನ್ನೇ ಹೇಳಿ ಮುಗಿಸುತ್ತೇನೆ.